ಗುಡುಬಿಡಕನ ಕಣ್ಣು

ಶಿವಾರಪಟ್ಟಣದಲ್ಲಿ ಉಳಿಯ ಸದ್ದು ನಿಂತ ಮೇಲೂ ಭಾರತಮ್ಮನ ಬೆರಳು ನಿಲ್ಲುತ್ತಿರಲಿಲ್ಲ. ಒಲೆ ಮುಂದೆ ಇದ್ದಿಲು, ಅಂಗಳದಲ್ಲಿ ಕಡ್ಡಿ, ಏನು ಸಿಕ್ಕಿದರೂ ಗೀಚುವುದೇ. ಅಪ್ಪ ಕೋದಂಡಾಚಾರಿ ಕಲ್ಲಿನಲ್ಲಿ ದೇವರನ್ನು ಕೆತ್ತುವವರು. ಮಗಳ ಕೈಗೆ ಉಳಿ ಕೊಟ್ಟವರಲ್ಲ. ಕಲ್ಲಿನ ಮೇಲೆ ಗೆರೆ ಹಾಕಲು ಮಾತ್ರ ಬಿಡುತ್ತಿದ್ದರು.

೧೯೭೮ರಲ್ಲಿ ಊರ ಶಾಲೆಯ ಟೀಚರ್ ಶ್ಯಾಮಲಮ್ಮ, ಆ ಕಡೆಯ ಅಜ್ಜಿಯರೆಲ್ಲ ಹಾಡುತ್ತಿದ್ದ ತಲೆಬುಡವಿಲ್ಲದ ಪದವೊಂದನ್ನು ಮಕ್ಕಳ ಪುಸ್ತಕ ಮಾಡಿಸಲು ಹೊರಟರು. ಚಿತ್ರದ ಕೆಲಸ ಭಾರತಮ್ಮನಿಗೆ ಬಂತು.

ಮೂರು ಬಾಲದ ಗುಡುಬಿಡಕ
ಗುಡ್ಡ ನುಂಗಿ ನೀರ್ ಕುಡುಕ,
ಮೂಗಿನ ಮೇಲೇ ಮೊಟ್ಟೆ ಇಟ್ಟು
ಊರೆಲ್ಲ ಹುಡುಕ್ತು ನಿದ್ದೆ ಬಿಟ್ಟು!

ನಿದ್ದೆ ಬಿಟ್ಟವಳು ಭಾರತಮ್ಮನೇ. ಬರೆದಳು, ಹರಿದಳು, ಮತ್ತೆ ಬರೆದಳು. ಕೊನೆಗೆ ಹಾಳೆಗಳನ್ನು ಎದೆಗವಚಿಕೊಂಡು ಶಾಲೆಗೆ ಓಡಿದಳು.

"ಎಲ್ಲಾ ಚೆನ್ನಾಗೈತೆ. ಕಣ್ಣೆಲ್ಲೇ?" ಎಂದರು ಶ್ಯಾಮಲಮ್ಮ.

ಭಾರತಮ್ಮ ಬೆಚ್ಚಿದಳು. ಅವರ ಮನೆಯಲ್ಲಿ ವಿಗ್ರಹಕ್ಕೆ ಕಣ್ಣು ಬಿಡಿಸುವುದು ಕಟ್ಟಕಡೆಗೆ, ಅದು ನೆಲೆ ನಿಲ್ಲುವ ಊರಿನಲ್ಲಿ, ಅಪ್ಪನ ಕೈಯಿಂದ. ಅವಳು ಇದುವರೆಗೆ ಗೆರೆ ಹಾಕಿದ್ದೆಲ್ಲ ಕಣ್ಣಿಲ್ಲದ ಮುಖಗಳೇ.

"ಮಧ್ಯಾಹ್ನದ ಬಸ್ಸಿಗೆ ಕೋಲಾರದ ಪ್ರೆಸ್ಸಿಗೆ ತಗೊಂಡ್ಹೋಗ್ಬೇಕು ಕಣೇ. ತಪ್ಪಿದ್ರೆ ಚಿತ್ರ ಇಲ್ದೇನೇ ಅಚ್ಚು ಹಾಕ್ಬಿಡ್ತಾರೆ."

ಮತ್ತೆ ಮನೆಗೆ ಓಟ. ಅಪ್ಪ ಹಾಳೆ ತಿರುಗಿಸಿ ನೋಡಿ ನಕ್ಕರು. "ಈ ಪಿಶಾಚಿಗೆ ನನ್ನತ್ರ ಅಳತೆ ಇಲ್ಲಮ್ಮಾ. ಇದು ಎಲ್ಲಿ ಹೋಗಿ ನಿಲ್ತೈತೋ ಅಲ್ಲೇ ನೀನೇ ಬಿಡಿಸ್ಕೋ ಹೋಗು!"

ಎಲ್ಲಿ ನಿಲ್ಲುತ್ತದೆ? ದಾರಿಯುದ್ದಕ್ಕೂ ಅದೇ ಯೋಚನೆ. ಶಾಲೆಯ ಗದ್ದಲ ಕಿವಿಗೆ ಬಿದ್ದಾಗ ಹೊಳೆಯಿತು. ನೇರವಾಗಿ ತರಗತಿಯೊಳಗೆ ನುಗ್ಗಿ, ಮಕ್ಕಳ ನಡುವೆ ಹಾಳೆ ಹರಡಿ, ಪದ ಓದಿದಳು.

"ಅಕ್ಕಾ, ಮೊಟ್ಟೆ ಮೂಗಿನ್ ಮೇಲೈತೆ ಅಂತ ಹೇಳಕ್ಕಾ ಅದಕ್ಕೆ!"

"ಲೇ ಗುಡುಬಿಡಕಾ, ಇಲ್ನೋಡ್ಲಾ!"

ಮಕ್ಕಳು ಕೂಗಿದಷ್ಟೂ ಭಾರತಮ್ಮನ ಕುಂಚ ಹಟಕ್ಕೆ ಬಿತ್ತು. ಒಂದು ಕಣ್ಣು ಗುಡ್ಡದ ಕಡೆ, ಇನ್ನೊಂದು ಬಾಲದ ಕಡೆ. ಮುಂದಿನ ಹಾಳೆಯಲ್ಲಿ ಎರಡೂ ಆಕಾಶಕ್ಕೆ. ಎಲ್ಲಿಗೆ ಬೇಕಾದರೂ ಸರಿ, ಮೂಗಿನ ಕಡೆಗೆ ಮಾತ್ರ ಇಲ್ಲ. ನಕ್ಕು ನಕ್ಕು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದರು.

ಬಸ್ಸು ಹಾರ್ನ್ ಹೊಡೆಯಿತು. ಹಸಿ ಶಾಯಿಯನ್ನು ಊದುತ್ತಲೇ ಶ್ಯಾಮಲಮ್ಮ ಓಡಿ ಹತ್ತಿದರು.

ಭಾರತಮ್ಮ ಮನೆ ಕಡೆ ನಡೆದಳು. ಅಂಗಳದಲ್ಲಿ ದೇವರುಗಳು ಕಣ್ಣಿಲ್ಲದೆ ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ಹಾಯುವಾಗ ಅವಳ ಬೆರಳು ಮತ್ತೆ ತುರಿಸತೊಡಗಿತು.