ಬುಟ್ಟಿಯ ಕೆಳಗಿನ ಒಣ ನೆಲ

ಒಳಾಂಗಣ ಕ್ರೀಡಾಂಗಣದಲ್ಲಿ ನೆಲ ಒರೆಸುವ ಆ ಹೆಂಗಸನ್ನು ಆಟಗಾರ್ತಿಯರೆಲ್ಲ ನೆಲದಕ್ಕ ಅಂತಲೇ ಕರೆಯುತ್ತಿದ್ದರು. ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವೊಂದು ಆಡುವ ಜಾಗ ಅದು. ಸೀಟಿ ಊದಿ ಆಟ ನಿಂತಾಗಲೆಲ್ಲ ಒರಸುಕೋಲು ಹಿಡಿದು ಓಡಿ, ಬೆವರು ಬಿದ್ದಲ್ಲಿ ಒರೆಸಿ ಬರುವುದು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ಯಾರ ಬೆವರು ಎಲ್ಲೆಲ್ಲಿ ಬೀಳುತ್ತದೆ ಅನ್ನುವುದು ಅವಳಿಗೆ ಬಾಯಿಪಾಠವಾಗಿತ್ತು.

ಆ ವರ್ಷ ಮಾತ್ರ ಬುಟ್ಟಿಯ ಕೆಳಗೆ ಒರೆಸುವ ಕೆಲಸವೇ ಇರಲಿಲ್ಲ. ಯಾಕೆ ಅಂತ ತಲೆಗೆ ಹುಳ ಬಿಟ್ಟುಕೊಂಡಳು. ಮಿಂಚುಳ್ಳಿ ಅಂತ ಎಲ್ಲರೂ ಕರೆಯುವ ಆಟಗಾರ್ತಿ ಮೊದಲೆಲ್ಲ ಎದುರಾಳಿಗಳ ನಡುವೆ ನುಗ್ಗಿ ಬುಟ್ಟಿಯ ಬುಡಕ್ಕೇ ಹೋಗುತ್ತಿದ್ದಳು. ಈಗ ದೂರದ ಗೆರೆಯಾಚೆ ನಿಂತು ಎಸೆಯುವುದಷ್ಟೇ.

"ಯಾಕಮ್ಮಾ, ಒಳಗೆ ಬರೋದೇ ಬಿಟ್ಟೆ?"

"ದೂರದಿಂದ ಹಾಕಿದ್ರೆ ಮೂರು ಪಾಯಿಂಟ್ ಅಕ್ಕಾ, ಹತ್ತಿರದಿಂದ ಎರಡೇ. ಸುಮ್ನೆ ಯಾಕೆ ಮೈಕೈ ನೋಯಿಸ್ಕೊಳ್ಳಲಿ?"

ಲೆಕ್ಕ ಸರಿಯಾಗೇ ಇತ್ತು. ಆದರೆ ತಂಡ ಸೋಲುತ್ತಲೇ ಇತ್ತು.

ನೆಲದಕ್ಕನ ಗಂಡ ದರ್ಜಿ. ಸಂಜೆ ಅವನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳು ಗುಂಡಿಗಳನ್ನು ಹರವಿದಳು. "ಕೆಂಪು ಗುಂಡಿ ನಮ್ಮ ಹುಡುಗಿ. ಕರಿ ಗುಂಡಿ ಅವಳನ್ನ ತಡೆಯೋಳು."

ಗಂಡ ಕನ್ನಡಕ ಏರಿಸಿ ನೋಡಿದ. "ಕೆಂಪು ಒಳಗೆ ನುಗ್ಗಲ್ಲ ಅಂತ ಗೊತ್ತಾದ್ಮೇಲೆ ಕರಿ ಯಾಕೆ ಹಿಂದೆ ಸರೀತಾಳೆ? ಮೂಗಿಗೆ ಮೂಗು ತಾಗಿಸಿ ನಿಲ್ತಾಳೆ. ಎಸೆಯೋಕೆ ಜಾಗ ಎಲ್ಲಿ? ಹ್ಞೂಂ, ಆ ಕರಿ ಗುಂಡಿ ಇತ್ತ ಕೊಡು, ಕೋಟಿಗೆ ಹೊಲೀಬೇಕು."

ಮರುದಿನ ಅವಳು ಇದನ್ನೇ ಹೇಳಿದಾಗ ಮಿಂಚುಳ್ಳಿ ಬೂಟಿನ ದಾರ ಬಿಚ್ಚುತ್ತ ಕೂತಿದ್ದಳು.

"ಗೊತ್ತು ಅಕ್ಕಾ. ಕೋಚ್ ದಿನಾ ಅದನ್ನೇ ಹೇಳ್ತಾರೆ. ಕಾಲೇ ಕೇಳಲ್ಲ. ಹೋದ ವರ್ಷ ಬುಟ್ಟಿ ಕೆಳಗೆ ಮಂಡಿ ಕೈಕೊಡ್ತಲ್ಲ, ಐದು ತಿಂಗಳು ಹಾಸಿಗೆ. ಇನ್ನೊಂದ್ಸಲ ಕೈಕೊಟ್ರೆ?"

ನೆಲದಕ್ಕ ಒರಸುಕೋಲನ್ನು ಗೋಡೆಗೆ ಒರಗಿಸಿದಳು. "ಮಂಡಿ ಕೈಕೊಡ್ಲಿಲ್ಲ ಕಣಮ್ಮಾ. ಅಲ್ಲಿ ಬೆವರು ಬಿದ್ದಿತ್ತು. ನಾನು ನೋಡಿದ್ದೆ. ಸೀಟಿ ಊದ್ಲಿ, ಒರೆಸೋಣ ಅಂತ ಕಾದೆ. ಅಷ್ಟರಲ್ಲಿ ನೀನು ನುಗ್ಗಿದೆ. ಕೂಗಬಹುದಿತ್ತು, ಕೂಗ್ಲಿಲ್ಲ. ನಿನ್ನ ಮುಖ ನೋಡಿ ಹೇಳೋ ಧೈರ್ಯ ಬರ್ಲಿಲ್ಲ."

ಬೈಗುಳಕ್ಕೆ ಅವಳು ಸಿದ್ಧಳಾಗೇ ನಿಂತಿದ್ದಳು. ಮಿಂಚುಳ್ಳಿ ಮಾತ್ರ ಕಣ್ಣರಳಿಸಿದಳು. "ಅಂದ್ರೆ ನಾನು ಜಾರಿದ್ದಾ? ಮಂಡಿ ಗಟ್ಟಿಯಾಗೇ ಇತ್ತಾ?"

"ಜಾರಿದ್ದೇ."

"ಇದನ್ನ ಮೊದಲೇ ಹೇಳೋದಲ್ವಾ ಅಕ್ಕಾ!" ಅಂದವಳು ಸಿಟ್ಟಾದಳೋ ನಕ್ಕಳೋ ತಿಳಿಯಲಿಲ್ಲ. ಬಿಚ್ಚಿದ ದಾರವನ್ನು ಮತ್ತೆ ಕಟ್ಟಿದಳು.

ಅಂದಿನಿಂದ ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲೇ ಇಬ್ಬರೂ ಬರತೊಡಗಿದರು. ನೆಲದಕ್ಕ ಒರೆಸುವುದು, ಮಿಂಚುಳ್ಳಿ ನುಗ್ಗುವುದು. ಮೊದಲ ಮೂರು ದಿನ ಅರ್ಧ ದಾರಿಯಲ್ಲೇ ಕಾಲು ನಿಂತುಬಿಡುತ್ತಿತ್ತು. ನಾಲ್ಕನೆಯ ದಿನ ಬುಟ್ಟಿಯವರೆಗೂ ಹೋದಳು.

ಮುಂದಿನ ಪಂದ್ಯದಲ್ಲಿ ಮೊದಲ ಚೆಂಡು ಸಿಕ್ಕಿದ್ದೇ ನುಗ್ಗಿದಳು. ಡಿಕ್ಕಿ ಹೊಡೆಸಿಕೊಂಡು ದೊಪ್ಪನೆ ಬಿದ್ದಳು. ನೆಲದಕ್ಕ ಒರಸುಕೋಲು ಹಿಡಿದು ಎದ್ದೇಬಿಟ್ಟಳು. ಹುಡುಗಿ ಎದ್ದು ಚಡ್ಡಿ ಕೊಡವಿಕೊಂಡಳು. ಮುಂದಿನ ಸಲ ನುಗ್ಗುವವಳಂತೆ ಸುಮ್ಮನೆ ಭುಜ ತಗ್ಗಿಸಿದ್ದಷ್ಟೇ, ತಡೆಯುವವಳು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಮಿಂಚುಳ್ಳಿ ಗೆರೆಯಾಚೆಯೇ ನಿಂತು ಆರಾಮಾಗಿ ಎಸೆದಳು. ಚೆಂಡು ಬಲೆಯಲ್ಲಿ ಇಳಿಯಿತು.

ಆ ಪಂದ್ಯ ಎರಡು ಪಾಯಿಂಟಿನಿಂದ ಸೋತರು, ಆಮೇಲಿನ ಮೂರು ಗೆದ್ದರು. ಸೋತ ದಿನವೇ ನೆಲದಕ್ಕ, ಮಿಂಚುಳ್ಳಿ ಇಬ್ಬರೂ ಹಲ್ಲು ಕಿರಿಯುತ್ತ ನಿಂತಿದ್ದನ್ನು ಕಂಡು ಕೋಚ್ ರೇಗಿದರು: "ಸೋತೋರ ಮುಖ ಹೀಗಿರುತ್ತೇನ್ರೀ?"