ಇಲ್ಲೂ ಒಂದು ಮಾಗಡಿ

ಸೌಂದರ್ಯ ಸವಿಯುವ ವಿಷಯದಲ್ಲಿ ನಾನು ಶುದ್ಧ ದಡ್ಡ. ಯಾರಾದರೂ "ನೋಡಿ, ಎಷ್ಟು ಚೆನ್ನಾಗಿದೆ!" ಎಂದು ಬೆರಳು ತೋರಿಸಿದರೆ ನನ್ನ ಕಣ್ಣು ಆ ಬೆರಳಿನ ಉಗುರಲ್ಲೇ ನಿಂತುಬಿಡುತ್ತದೆ. ಅಂಥವನು ಮರುಭೂಮಿಯ ಚೆಲುವಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ಹಿಂದೆ ಏನೋ ಕುತಂತ್ರವಿದೆ ಎಂದೇ ತಿಳಿಯಿರಿ.

ಎಂಬತ್ತರ ದಶಕದ ಕೊನೆ. ನಾನು ನೈರೋಬಿಯಲ್ಲಿ ಗಣಿತದ ಮೇಷ್ಟ್ರು. ನ್ಗಾರಾ ಬಡಾವಣೆಯ ಅಂಗಡಿ ಸಾಲಿನ ಮೇಲೆ ನಮ್ಮ ಮನೆ. ಆಗಸ್ಟಿಗೆ ಕೆಲಸದ ಕರಾರು ಮುಗಿಯುತ್ತಿತ್ತು. ಇನ್ನೂ ಮೂರು ವರ್ಷ ಇರುತ್ತೀರಾ ಎಂದು ಕೇಳುವ ಫಾರಂ ಮೇ ತಿಂಗಳಲ್ಲೇ ಬಂದಿತ್ತು. ಸೋಮವಾರ ತುಂಬಿ ಕೊಡಬೇಕು. ನನಗೆ ಇರುವ ಆಸೆ, ಹೆಂಡತಿ ನಾಗರತ್ನಳಿಗೆ ಊರಿಗೆ ಹೋಗುವ ಆಸೆ. "ನೀವು ಕಾಲೇಜಿಗೆ ಹೋಗ್ತೀರಿ. ನಾನು ಕಿಟಕೀಲಿ ಮಟಾಟು ವ್ಯಾನು ಎಣಿಸ್ತಾ ಕೂತಿರ್ತೀನಿ" ಎನ್ನುತ್ತಿದ್ದಳು. ಸುಳ್ಳೇನಲ್ಲ. ಅವಳು ಬೇಡವೆಂದರೆ ವಾಪಸು ಹೊರಡುವುದಾಗಿ ಮಾತು ಕೊಟ್ಟೇ ಕರೆತಂದಿದ್ದೆ.

ಆಗ ಹೊಳೆಯಿತು ಉಪಾಯ. ನೈರೋಬಿಯಿಂದ ದಕ್ಷಿಣಕ್ಕೆ, ಬೆಟ್ಟದ ಆಚೆ ಇಳಿದರೆ ಬೆಂಗಾಡು. ಅದನ್ನೊಮ್ಮೆ ತೋರಿಸಿದರೆ ನ್ಗಾರಾ ಅವಳಿಗೆ ನಂದನವನದಂತೆ ಕಾಣದೆ ಇದ್ದೀತೇ? ಶನಿವಾರ ಅಡುಗೆಮನೆ ಬಾಗಿಲಲ್ಲಿ ನಿಂತು, "ನಾಳೆ ಮಾಗಡಿಗೆ ಹೋಗಿ ಬರೋಣ ಕಣೇ" ಎಂದೆ.

ಒಗ್ಗರಣೆ ಸೌಟು ಹಿಡಿದಿದ್ದವಳು ಹಾಗೇ ತಿರುಗಿದಳು. "ಟಿಕೆಟ್ ಬಂತಾ?"

ಅವಳ ತವರು ಬೆಂಗಳೂರಿನ ಪಕ್ಕದ ಮಾಗಡಿ. ಇಲ್ಲೂ ಒಂದು ಮಾಗಡಿ ಇದೆ, ಸ್ವಾಹಿಲಿಯಲ್ಲಿ ಹಾಗೆಂದರೆ ಸೋಡಾ, ಅಲ್ಲಿನ ಕೆರೆಯಲ್ಲಿ ನೀರಿಗಿಂತ ಸೋಡಾ ಉಪ್ಪೇ ಹೆಚ್ಚು ಎಂದು ನಾನು ವಿವರಿಸುವಷ್ಟರಲ್ಲಿ, ಅರಳಿದ ಮುಖ ಬಾಡಿಹೋಗಿತ್ತು. ನಾನು ಉಪಾಯವನ್ನು ಮಾತ್ರ ಬಿಡಲಿಲ್ಲ.

ಭಾನುವಾರ ಸ್ನೇಹಿತರ ಹಳೇ ಕಾರಿನಲ್ಲಿ ಹೊರಟೆವು. ಬೆಟ್ಟ ಇಳಿದರೆ ಬೆಂಗಾಡೇ ನಾಪತ್ತೆ! ಹಿಂದಿನ ವಾರ ಅಲ್ಲಿ ಮಳೆಯಾದದ್ದು ನನಗೆ ಯಾರು ಹೇಳಬೇಕು? ಕೆಂಪು ಮಣ್ಣಿನ ಮೇಲೆ ಎಳೆ ಹಸಿರು, ಜಾಲಿ ಮುಳ್ಳಿನ ನಡುವೆ ಹಳದಿ ಗೊಂಡೆ, ಹಳ್ಳ ಹಳ್ಳದಲ್ಲೂ ನೀರು. ದಾರಿ ತಪ್ಪಿತೇ ಎಂದು ಕಾರು ನಿಲ್ಲಿಸಿ ನಕ್ಷೆ ಬಿಡಿಸಿದೆ. ತಪ್ಪಿರಲಿಲ್ಲ. ಪುಣ್ಯಕ್ಕೆ ರಸ್ತೆಯ ಬದಿಯಲ್ಲಿ ಬಿಳೀ ಕಾಗದದ ಮುದ್ದೆಗಳು ಹರಡಿ ಬಿದ್ದಿದ್ದವು. "ಥೂ! ಪಿಕ್‌ನಿಕ್‌ನವರು ಕೈ ಒರೆಸಿ ಹೇಗೆ ಬಿಸಾಕಿದಾರೆ ನೋಡು" ಎಂದು ಸಂತೋಷದಿಂದಲೇ ಬೈದೆ.

ನಾಗರತ್ನ ಇಳಿದು ಬಗ್ಗಿದಳು. "ರೀ, ಇದು ಹೂವು!"

ಹೌದು, ಹೂವೇ. ನೆಲಕ್ಕಂಟಿಕೊಂಡು ಸಾವಿರಾರು.

ಹಾಗಾದರೆ ಇದು ಬೆಂಗಾಡೋ, ತೋಟವೋ? ನನ್ನ ತಂದೆ ನಾಟಿ ವೈದ್ಯರು. ಹಳೆಯ ವೈದ್ಯಗ್ರಂಥಗಳಲ್ಲಿ 'ಜಾಂಗಲ' ಎಂದರೆ ಮರ ಕಡಿಮೆಯಿರುವ ಒಣನೆಲ ಎನ್ನುತ್ತಿದ್ದರು. ಅದೇ ಮಾತು ಇಂಗ್ಲಿಷಿಗೆ ಹೋಗಿ 'ಜಂಗಲ್' ಎಂಬ ದಟ್ಟ ಕಾಡಾಯಿತು. ದಾರಿಯಲ್ಲಿ ಪದಕ್ಕೂ ಮಳೆ ಬಿದ್ದಿರಬೇಕು. ಇದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದೆ. ಅವಳು ಸೀರೆ ಎತ್ತಿ ಹಿಡಿದು, ಹೂ ತುಳಿಯದ ಹಾಗೆ ಕಾಲಿಡಲು ಜಾಗ ಹುಡುಕುತ್ತಿದ್ದಳು. ಕೆಟ್ಟ ಉಪಾಯವೇ ಒಳ್ಳೆಯದಾಯಿತೇನೋ ಎಂದು ನನಗೆ ಆಸೆ ಹುಟ್ಟಿತು.

"ಚೆನ್ನಾಗಿದೆ ಅಲ್ವಾ? ಈ ದೇಶದಲ್ಲೇ ಇರೋಣ ಅನ್ಸುತ್ತಾ?"

"ನನ್ನ ನೋಡೋಕೆ ಬಂದಾಗ ಚಿಕ್ಕಮ್ಮನ ಜರಿ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ ಕೂರಿಸಿದ್ರು. ನೀವು ಒಪ್ಪೇಬಿಟ್ರಿ" ಎಂದಳು. "ನಾನು ಹಾಗೆಲ್ಲ ಮೋಸ ಹೋಗಲ್ಲ. ಇದು ಒಣಗಿದ ಮೇಲೆ ಒಂದ್ಸಲ ನೋಡ್ಬೇಕು."

"ಪೂರ್ತಿ ಒಣಗೋದು ಫೆಬ್ರವರಿಗೆ. ನಾವು ಆಗಸ್ಟಿಗೇ ಹೊರಡ್ತೀವಲ್ಲ?"

"ಅದು ಹೇಗ್ರೀ ಆಗುತ್ತೆ? ನೋಡ್ಬೇಕು ಅಂದ್ನಲ್ಲ!" ಎಂದು ಕಾರು ಹತ್ತಿದಳು.

ಸೋಮವಾರ ಫಾರಂ ಮುಂದಿಟ್ಟೆ. "ಹಾಕಿ" ಎಂದಳು. ಗೆದ್ದೆನೋ ಸೋತೆನೋ ತಿಳಿಯದೆ ಸಹಿ ಹಾಕಿದೆ.

ಫೆಬ್ರವರಿಯಲ್ಲಿ ಹೋದೆವು. ಧೂಳು, ಮುಳ್ಳು, ಮುಖಕ್ಕೆ ಹೊಡೆಯುವ ಬಿಸಿಗಾಳಿ. ಮುಗಿಯಿತು ಕಥೆ, ಈಗ ಊರಿಗೆ ಹೋಗೋಣ ಎನ್ನುತ್ತಾಳೆ ಎಂದು ನಾನು ಕಾದು ನಿಂತೆ. ಅವಳು ಇಳಿದು ಸುತ್ತ ನೋಡಿದಳು. "ಪಾಪ, ಎಷ್ಟು ಸೊರಗಿಬಿಟ್ಟಿದೆ" ಎಂದವಳೇ ಕಾರಿನಿಂದ ನೀರಿನ ಕ್ಯಾನು ತಂದು, ಎಲೆಯಿಲ್ಲದೆ ನಿಂತಿದ್ದ ಒಂದು ಗಿಡದ ಬುಡಕ್ಕೆ ಪೂರ್ತಿ ಸುರಿದಳು. ಕುಡಿಯಲು ನಮಗಿದ್ದದ್ದು ಅಷ್ಟೇ ನೀರು. ಚೆಲುವನ್ನು ಮೆಚ್ಚುವುದೆಂದರೆ ಇದೇನೋ ಎಂದು ಯೋಚಿಸುತ್ತಾ, ಒಣಗಿದ ಗಂಟಲಲ್ಲಿ ನೈರೋಬಿಯವರೆಗೆ ಕಾರು ಓಡಿಸಿದೆ.