ತಲೆಯಿಲ್ಲದ ವಂಜರಂ

ಅಮ್ಮ ಅನ್ನ ಮುಟ್ಟುವುದನ್ನೇ ಬಿಟ್ಟಿದ್ದಳು. ಮರೆವಿನ ಕಾಯಿಲೆ, ಹೆತ್ತ ಮಗಳು ನಾನು, ನನ್ನ ಗುರುತೂ ಹತ್ತುತ್ತಿರಲಿಲ್ಲ. ಅಂಥವಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ "ವಂಜರಂ ಸಾರು ಬೇಕು" ಅಂದುಬಿಟ್ಟಳು. ಕರಾವಳಿಯವರು ಅಂಜಲ್ ಅನ್ನುವ ಮೀನು. ಹಲಸೂರಿನಿಂದ ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಆಟೋ ಹತ್ತಿ ಓಡಿದೆ.

ವಂಜರಂನ ಹಾಗೇ ಉದ್ದಕ್ಕಿರುವ, ಮೈಮೇಲೆ ಹಾಗೇ ಪಟ್ಟೆಯಿರುವ ಇನ್ನೊಂದು ಸಮುದ್ರದ ಮೀನೂ ಮಾರ್ಕೆಟ್ಟಿಗೆ ಬರುತ್ತೆ. ಅದರ ಮೂತಿ ಕೊಕ್ಕಿನಂತೆ ಉದ್ದ, ವಂಜರಂದು ಗಿಡ್ಡ. ಗುರುತೆಲ್ಲ ತಲೆಯಲ್ಲೇ. ಅದಕ್ಕೇ ಅಮ್ಮ ನಾನು ಚಿಕ್ಕವಳಿದ್ದಾಗಿನಿಂದ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು, ತಲೆ ನೋಡದೆ ಮೀನಿಗೆ ಕತ್ತಿ ಇಡೋಕೆ ಯಾರನ್ನೂ ಬಿಡುತ್ತಿರಲಿಲ್ಲ. ಅವತ್ತು ಯಾವ ಅಂಗಡಿಯಲ್ಲೂ ಇಡೀ ಮೀನಿಲ್ಲ. ಹಲಗೆ ಮೇಲೆ ಬರೀ ತುಂಡುಗಳು.

"ವಂಜರಂ ತಾನೇ?" ಅಂದೆ.

"ಪಕ್ಕಾ ವಂಜರಂ ಅಕ್ಕಾ," ಅಂದ ಮೀನಿನವನು.

ನಂಬದೆ ಇನ್ನೇನು ಸಾಯಲಿ? ಮನೆಯಲ್ಲಿ ಅವಳು ಹಸಿದು ಒಣಗುತ್ತಿದ್ದಳು.

ಸಾರು ಕುದಿಸಿ, ಮುಳ್ಳು ತೆಗೆದು, ಬಾಯಿಗಿಟ್ಟೆ. ಅಮ್ಮ ಒಂದು ಸಲ ಅಗಿದು ಅಂಗೈಗೆ ಉಗಿದಳು.

"ಇದು ವಂಜರಂ ಅಲ್ಲ."

"ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ತುತ್ತು ತಿನ್ನು," ಅಂದೆ. ತಟ್ಟೆ ದೂಡಿದಳು. ಆಮೇಲೆ ನನ್ನ ಕಣ್ಣಲ್ಲಿ ನೀರು ನೋಡಿ ಪಾಪ ಅನ್ನಿಸಿತೇನೋ, ಪಕ್ಕದ ಮನೆಯವಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದಳು.

"ಅಳಬೇಡ ಬಿಡಮ್ಮ, ನಿನಗೆ ಗೊತ್ತಾಗಲ್ಲ. ನನ್ನ ಮಗಳು ಬರ್ಲಿ. ಅವಳು ಮೋಸ ಹೋಗಲ್ಲ, ಮೀನು ಆರಿಸೋದು ನಾನೇ ಕಲಿಸಿದ್ದೀನಿ."